ಬಾಂಡಿಗೆ ಸಹಿ ಹಾಕಿದವರಿಗೆ

ಕೇಳುಗರಿಗೆ ನಮಸ್ಕಾರ. ಪೀಣ್ಯದಲ್ಲಾಗಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ, ಮೊದಲ ಕೆಲಸ ಸಿಕ್ಕ ಸಂಭ್ರಮದಲ್ಲಿ ಎಷ್ಟೋ ಹುಡುಗ ಹುಡುಗಿಯರು ಛಾಪಾಕಾಗದದ ಮೇಲಿನ ಬಾಂಡನ್ನು ಓದದೆಯೇ ಸಹಿ ಹಾಕಿಬಿಡುತ್ತಾರೆ. ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಲಕ್ಷ ಕಟ್ಟಬೇಕು ಎಂದು ಅದರಲ್ಲಿರುತ್ತದೆ. ಕೆಲವು ಕಡೆ ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗಿನ ಮೂಲ ಅಂಕಪಟ್ಟಿಗಳನ್ನೂ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ನನಗೆ ಹೆಚ್ಚು ಸಿಟ್ಟು ಬರುವುದು ಈ ಎರಡನೆಯದಕ್ಕೆ.

ಬಾಂಡಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ ಎಂದು ಗೆಳೆಯರು ಧೈರ್ಯ ಹೇಳುತ್ತಾರೆ, ನಂಬಬೇಡಿ. ಬೆಂಗಳೂರಿನಲ್ಲೇ ಪ್ರಧಾನ ಕಚೇರಿ ಇದ್ದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುನ್ನ ಬಿಟ್ಟರೆ ಎರಡು ಲಕ್ಷ ರೂಪಾಯಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆದರೆ ಅದು ಸಾರ್ವಜನಿಕ ವಲಯದ ಬ್ಯಾಂಕು, ಹಿರಿಯ ಹುದ್ದೆ, ಬಹಿರಂಗ ನೇಮಕಾತಿಯ ಖರ್ಚು ಬೇರೆ. ಅದೇ ತೀರ್ಪನ್ನು ತೋರಿಸಿ, ತರಬೇತಿಯನ್ನೇ ಕೊಡದ ಕಂಪನಿ ಹೊಸಬರನ್ನು ಹೆದರಿಸುವುದು ಅನ್ಯಾಯ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬಾಂಡಿನಲ್ಲಿ ಬರೆದ ದಂಡ ಗರಿಷ್ಠ ಮಿತಿಯಷ್ಟೇ. ನ್ಯಾಯಾಲಯ ಕೊಡಿಸುವುದು ಅದರೊಳಗೆ ಸಮಂಜಸವಾದ ಪರಿಹಾರವನ್ನು. ಒಲ್ಲದವರನ್ನು ಹಿಡಿದು ದುಡಿಸಿಕೊಳ್ಳಿ ಎಂದಂತೂ ಯಾವ ನ್ಯಾಯಾಲಯವೂ ಆದೇಶಿಸುವುದಿಲ್ಲ.

ಇನ್ನು ಅಂಕಪಟ್ಟಿ. ಅದು ಗಿರವಿ ಅಂಗಡಿಯ ಒಡವೆಯಲ್ಲ. ಕಂಪನಿಗೆ ಹಣ ಬರಬೇಕಿದ್ದರೆ ದಾವೆ ಹೂಡಲಿ. ಸೇರುವಾಗ ಮೂಲವನ್ನು ತೋರಿಸಿ, ನಕಲನ್ನು ಕೊಡಿ. ಈಗಾಗಲೇ ಕೊಟ್ಟಿದ್ದರೆ, ಯಾವ ಯಾವ ಪತ್ರ, ಯಾವ ದಿನ ಕೊಟ್ಟದ್ದು ಎಂಬುದನ್ನು ನಮೂದಿಸಿ ಇ-ಮೇಲ್‌ನಲ್ಲೇ ವಾಪಸು ಕೇಳಿ. ಫೋನಿನ ಮಾತಿಗೆ ಸಾಕ್ಷಿ ಉಳಿಯುವುದಿಲ್ಲ.

ರಾಜೀನಾಮೆಯೂ ಹಾಗೆಯೇ ಬರಹದಲ್ಲಿರಲಿ, ಕೊನೆಯ ದಿನಾಂಕ ಅದರಲ್ಲಿರಲಿ. ಸೂಚನಾ ಅವಧಿ (ನೋಟಿಸ್ ಪೀರಿಯಡ್) ಮುಗಿದ ಮೇಲೆ ಬಿಡುಗಡೆ ಪತ್ರ, ಅನುಭವ ಪತ್ರ, ಸಂಬಳ ಚೀಟಿ, ಸಂಬಳದಲ್ಲಿ ಮುರಿದ ತೆರಿಗೆಯ ಪ್ರಮಾಣಪತ್ರ (ಫಾರಂ 16 ಎಂದು ಪರಿಚಿತ) ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವರ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕು. ಹಣ ಕೈಸೇರುವ ಮೊದಲು 'ಎಲ್ಲ ಬಾಕಿ ಚುಕ್ತಾ ಆಗಿದೆ' ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಭವಿಷ್ಯ ನಿಧಿಯ (ಪಿಎಫ್) ದಾಖಲೆಯಲ್ಲಿ ನೀವು ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ, ಕೊನೆಯ ವಂತಿಗೆಯಾದ ಎರಡು ತಿಂಗಳ ಬಳಿಕ ಪಿಎಫ್ ಪೋರ್ಟಲ್‌ನಲ್ಲಿ ನೀವೇ ದಾಖಲಿಸಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100, ಬರೆದುಕೊಳ್ಳಿ. ನಮಸ್ಕಾರ.