ಎರಡು ವರ್ಷ ಕಾದವರ ಸಿಟ್ಟು

ಕೇಳುಗರಿಗೆ ನಮಸ್ಕಾರ.

2013ರ ನವೆಂಬರ್ ಕೊನೆಯಲ್ಲಿ ಲಂಡನ್ನಿನ ಬೀದಿಗಳಲ್ಲಿ ಒಂದು ಶವವಾಹನ ಓಡಾಡಿತು. ಒಳಗೆ ಹೆಣ ಇರಲಿಲ್ಲ. ಗಾಜಿನ ಹಿಂದೆ ಹೂವಿನಲ್ಲಿ ಬರೆದ ಒಂದು ಹೆಸರಿತ್ತು, ಒಂದು ತಾರೀಕಿತ್ತು. ಹೆಸರು ಷರ್ಲಾಕ್. ತಾರೀಕು 2014ರ ಜನವರಿ 1. ಬಿಬಿಸಿಯ ಆ ಪತ್ತೇದಾರಿ ಧಾರಾವಾಹಿಯ ಮೂರನೇ ಸೀಸನ್ ಯಾವತ್ತು ಶುರು ಅನ್ನುವುದನ್ನು ಊರಿಗೆ ಸಾರಿದ್ದು ಹೀಗೆ.

ಎರಡನೇ ಸೀಸನ್ ಮುಗಿದದ್ದು 2012ರ ಜನವರಿ 15ರಂದು. ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ತಾರಸಿಯಿಂದ ಷರ್ಲಾಕ್ ಹೋಮ್ಸ್ ಕೆಳಗೆ ಜಿಗಿದುಬಿಟ್ಟ. ಕೆಳಗೆ ಫೋನ್ ಹಿಡಿದು ನಿಂತಿದ್ದ ಗೆಳೆಯ ವಾಟ್ಸನ್ ಅದನ್ನು ಕಣ್ಣಾರೆ ಕಂಡ. ಕೊನೆಯ ದೃಶ್ಯದಲ್ಲಿ ಷರ್ಲಾಕ್ ದೂರದಲ್ಲಿ ನಿಂತು ತನ್ನದೇ ಸಮಾಧಿ ನೋಡುತ್ತಿದ್ದಾನೆ. ಅವನು ಬದುಕಿದ್ದಾನೆ ಅಂತ ನಮಗೆ ಗೊತ್ತು. ವಾಟ್ಸನ್‌ಗೆ ಗೊತ್ತಿಲ್ಲ. ಅಲ್ಲಿಗೆ ನಿಲ್ಲಿಸಿ, ಸುಮಾರು ಎರಡು ವರ್ಷ ಕಾಯಿಸಿದರು.

ನೋಡಿದವರು ಸುಮ್ನೆ ಕಾಯಲಿಲ್ಲ. ಆ ಜಿಗಿತವನ್ನು ನಿಲ್ಲಿಸಿ ನಿಲ್ಲಿಸಿ ಮತ್ತೆ ನೋಡಿದರು. ಆ ಲಾರಿ ಅಲ್ಲೇ ಯಾಕೆ ನಿಂತಿತ್ತು? ಸೈಕಲ್ ಸವಾರ ವಾಟ್ಸನ್‌ಗೆ ಡಿಕ್ಕಿ ಹೊಡೆದದ್ದು ಬೇಕಂತಲೇ ಅಲ್ವಾ? ಅದಕ್ಕೆ ಮುಂಚೆ ಲ್ಯಾಬಿನಲ್ಲಿ ಷರ್ಲಾಕ್ ಒಂದು ಚೆಂಡನ್ನು ಪುಟಿಸುತ್ತ ಕೂತಿದ್ದನಲ್ಲ, ಅದೇಕೆ? ಚೆಂಡನ್ನು ಕಂಕುಳಲ್ಲಿ ಇಟ್ಟು ಬಿಗಿಯಾಗಿ ಒತ್ತಿದರೆ ಆ ಕೈಯ ನಾಡಿ ಸಿಗುವುದಿಲ್ಲ! ಇಷ್ಟು ಸಣ್ಣ ಸುಳಿವನ್ನೂ ಜನ ಬಿಡಲಿಲ್ಲ. ಆಸ್ಪತ್ರೆಯ ಹೊರಗಿನ ಕೆಂಪು ಟೆಲಿಫೋನ್ ಬೂತಿನ ಗಾಜಿಗೆ ಚೀಟಿ ಅಂಟಿಸಿದರು. ‘ನಾನು ಷರ್ಲಾಕ್‌ನನ್ನು ನಂಬುತ್ತೇನೆ’ ಅಂತ ಕೈಬರಹದಲ್ಲಿ ಬರೆದ ಚೀಟಿಗಳು. ಕಥೆಯೊಳಗಿನ ಒಬ್ಬ ಮನುಷ್ಯನಿಗೆ ಜನ ಇಷ್ಟು ಮನಸ್ಸು ಕೊಡುತ್ತಾರೆ ಅನ್ನುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹೊಸ ಸೀಸನ್ನಿನ ಮೊದಲ ಕಂತನ್ನು ಆ ರಾತ್ರಿಯೇ ಬ್ರಿಟನ್ನಿನಲ್ಲಿ ಸುಮಾರು 92 ಲಕ್ಷ ಜನ ನೋಡಿದರು. ಶುರುವಿನಲ್ಲೇ ಉತ್ತರ ಬಂತು. ಹಗ್ಗ ಕಟ್ಟಿಕೊಂಡು ಜಿಗಿದ, ಕಿಟಕಿ ಒಡೆದು ಒಳಗೆ ಬಂದ. ನೋಡಿದರೆ ಅದು ಆ್ಯಂಡರ್ಸನ್ ಅನ್ನುವ ಪಾತ್ರದ ಬರೀ ಊಹೆ. ಆಮೇಲೆ ಅಭಿಮಾನಿ ಹುಡುಗಿಯೊಬ್ಬಳ ಇನ್ನೊಂದು ಊಹೆ. ಕೊನೆಗೆ ಷರ್ಲಾಕ್ ತಾನೇ ಒಂದು ವಿವರಣೆ ಕೊಡುತ್ತಾನೆ. ಗಾಳಿ ತುಂಬಿದ ದೊಡ್ಡ ಹಾಸಿಗೆ, ತನ್ನಂತೆಯೇ ಕಾಣುವ ಇನ್ನೊಂದು ಹೆಣ, ಕಂಕುಳಲ್ಲಿ ಚೆಂಡು. ಅದೂ ನಿಜವೋ ಅಲ್ಲವೋ ಅಂತ ಆ್ಯಂಡರ್ಸನ್‌ಗೇ ಅನುಮಾನ.

ನೋಡುಗರು ಎರಡು ಪಾಲಾದರು. ನಮ್ಮ ಊಹೆಗಳಿಗೂ ಕಥೆಯಲ್ಲಿ ಜಾಗ ಸಿಕ್ಕಿತು ಅಂತ ಕೆಲವರಿಗೆ ಖುಷಿ. ಎರಡು ವರ್ಷ ತಲೆ ಕೆಡಿಸಿಕೊಂಡವರನ್ನು ಆಡಿಕೊಂಡರು ಅಂತ ಕೆಲವರಿಗೆ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದು. ಪತ್ತೇದಾರಿ ಕಥೆ ಹೇಳುವವನು ಸುಳಿವು ಕೊಟ್ಟರೆ ಉತ್ತರವನ್ನೂ ಕೊಡಬೇಕು. ಮೊದಲ ಸಲ ನೋಡಿದಾಗ ನನಗೂ ಬೇಜಾರಾಗಿತ್ತು.

ಎರಡನೇ ಸಲ ನೋಡಿದಾಗ ಮಾತ್ರ ನನ್ನ ಕಣ್ಣು ವಾಟ್ಸನ್ ಮೇಲೆ ಹೋಯಿತು. ಕಥೆಯಲ್ಲೂ ಎರಡು ವರ್ಷ ಕಳೆದಿದೆ. ಅಂದರೆ ಅವನು ಅತ್ತಷ್ಟೇ ಕಾಲ ನಾವು ಕಾದಿದ್ದೇವೆ. ಅವನೀಗ ಒಂದು ದೊಡ್ಡ ರೆಸ್ಟೋರೆಂಟಿನಲ್ಲಿ ಮೇರಿಯನ್ನು ‘ನನ್ನ ಮದುವೆ ಆಗ್ತೀಯಾ’ ಅಂತ ಕೇಳಲು ಕೂತಿದ್ದಾನೆ. ಷರ್ಲಾಕ್ ಸುಳ್ಳು ಮೀಸೆ ಬರೆದುಕೊಂಡು ವೇಟರ್ ವೇಷದಲ್ಲಿ ಬರುತ್ತಾನೆ. ಗೆಳೆಯ ನಗುತ್ತಾನೆ ಅಂತ ಅವನ ಲೆಕ್ಕ. ವಾಟ್ಸನ್ ನಿಧಾನಕ್ಕೆ ಎದ್ದು ನಿಲ್ಲುತ್ತಾನೆ. ಮಾತು ಹೊರಡುವುದಿಲ್ಲ. ಮುಷ್ಟಿಯಿಂದ ಮೇಜು ಗುದ್ದುತ್ತಾನೆ. ಆಮೇಲೆ ಷರ್ಲಾಕ್ ಮೇಲೆಯೇ ಬೀಳುತ್ತಾನೆ. ಅಲ್ಲಿಂದ ಒಂದು ಕೆಫೆ, ಅಲ್ಲಿಂದ ಇನ್ನೂ ಚಿಕ್ಕ ಅಂಗಡಿ. ಮೂರೂ ಕಡೆ ಏಟು. ನೀನು ಹೇಗೆ ಸತ್ತಂತೆ ನಟಿಸಿದೆ ಅನ್ನುವುದು ನನಗೆ ಬೇಡ, ಯಾಕೆ ಅಂತ ಹೇಳು ಅನ್ನುತ್ತಾನೆ ವಾಟ್ಸನ್. ವಾಟ್ಸನ್ ಪಾತ್ರ ಮಾಡಿದ ಮಾರ್ಟಿನ್ ಫ್ರೀಮನ್ ಅವರ ಆ ಮುಖ ನೋಡಿ. ಟಿವಿ ಮುಂದೆ ಕೂತವರ ಸಿಟ್ಟೆಲ್ಲ ಅಲ್ಲೇ ಇದೆ.

ಮೂಲ ಕಥೆಯಲ್ಲಿ ಹೀಗಿಲ್ಲ. ಆರ್ಥರ್ ಕಾನನ್ ಡಾಯ್ಲ್ 1893ರ ಡಿಸೆಂಬರ್‌ನಲ್ಲಿ ಹೋಮ್ಸ್‌ನನ್ನು ಜಲಪಾತದಲ್ಲಿ ಮುಗಿಸಿದ್ದರು. ಓದುಗರು ಸಿಟ್ಟಾಗಿ ಪತ್ರ ಬರೆದರು. ಹತ್ತು ವರ್ಷ ಕಳೆದು, 1903ರಲ್ಲಿ ಹೋಮ್ಸ್ ಪುಸ್ತಕ ಮಾರುವ ಮುದುಕನ ವೇಷದಲ್ಲಿ ವಾಪಸ್ ಬಂದ. ಅವನನ್ನು ಗುರುತಿಸಿದ ವಾಟ್ಸನ್ ಅಲ್ಲೇ ಜ್ಞಾನ ತಪ್ಪಿ ಬಿದ್ದ. ಎಚ್ಚರವಾದಾಗ ಕಾಲರ್ ಸಡಿಲವಾಗಿತ್ತು, ತುಟಿಯ ಮೇಲೆ ಬ್ರಾಂದಿಯ ರುಚಿ ಇತ್ತು. ಆಮೇಲೆ ಅವನಿಗೆ ಸಂತೋಷವೇ ಹೊರತು ಕೋಪ ಇಲ್ಲ. 2014ರ ವಾಟ್ಸನ್ ಹೊಡೆದ. ಕಂತು ಬರೆದ ಮಾರ್ಕ್ ಗೇಟಿಸ್ ಇಲ್ಲಿ ಮೂಲವನ್ನು ಬದಲಿಸಿದ್ದೇ ಸರಿ ಅಂತ ನನಗೆ ಅನಿಸುತ್ತದೆ. ಸತ್ತನೆಂದು ಎರಡು ವರ್ಷ ಅಳಿಸಿದವನನ್ನು ಯಾರಾದರೂ ಅಷ್ಟು ಬೇಗ ತಬ್ಬಿಕೊಳ್ಳುತ್ತಾರಾ?

2017ರ ನಾಲ್ಕನೇ ಸೀಸನ್ನಿಗೆ ಬಂದ ಸಿಟ್ಟು ಬೇರೆ ಥರದ್ದು. ಇದ್ದಕ್ಕಿದ್ದ ಹಾಗೆ ಷರ್ಲಾಕ್‌ಗೆ ಒಬ್ಬ ತಂಗಿ, ದ್ವೀಪದಲ್ಲಿ ಒಂದು ಸೆರೆಮನೆ, ಒಗಟಿನ ಮೇಲೆ ಒಗಟು. ನಾವೇ ಸುಳಿವು ಹಿಡಿದು ಹುಡುಕಲು ದಾರಿ ಇರಲಿಲ್ಲ ಅಂತ ಬಹಳ ಜನ ಹೇಳಿದರು. ಕೊನೆಯ ಕಂತನ್ನು ಅದೇ ರಾತ್ರಿ ನೋಡಿದವರು ಸುಮಾರು 59 ಲಕ್ಷ. ಆ ಕಂತನ್ನು ನಾನು ಮತ್ತೆ ಹಾಕಿ ನೋಡಿಲ್ಲ.

ಮೂರನೇ ಸೀಸನ್ನಿನ ಮೊದಲ ಕಂತನ್ನು ಮಾತ್ರ ಈಗಲೂ ನೋಡುತ್ತೇನೆ, ಅದರ ಕೊನೆಗೋಸ್ಕರ. ಹಿಂದೆ ಸಮಾಧಿಯ ಮುಂದೆ ವಾಟ್ಸನ್ ಒಂದು ಮಾತು ಕೇಳಿಕೊಂಡಿದ್ದ. ಇನ್ನೊಂದೇ ಒಂದು ಪವಾಡ ಮಾಡು, ಸತ್ತಿರಬೇಡ ಅಂತ. ಈಗ ಮನೆಯಲ್ಲಿ, ಕೋಪ ಇಳಿದ ಮೇಲೆ, ಅದನ್ನೇ ಷರ್ಲಾಕ್‌ಗೆ ಹೇಳುತ್ತಾನೆ. ನಿನ್ನ ಹತ್ತಿರ ಹೀಗೆ ಬೇಡಿಕೊಂಡಿದ್ದೆ ಅಂತ. ಷರ್ಲಾಕ್ ಉದ್ದದ ವಿವರಣೆ ಏನೂ ಕೊಡುವುದಿಲ್ಲ.

‘ನನಗೆ ಕೇಳಿಸಿತ್ತು’ ಅನ್ನುತ್ತಾನೆ.

ನಮಸ್ಕಾರ.