ಚಳಿ ಹೊಳೆಯ ದಂಡೆಯಲ್ಲಿ ಮೂರು ರಾತ್ರಿ

ಈ ಮರ ನೋಡಿ. ಬುಡದಿಂದ ಹಾಗೇ ನಿಧಾನಕ್ಕೆ ಮೇಲೆ ನೋಡ್ತಾ ಹೋಗಿ. ನಮ್ಮ ತಲೆಗಿಂತ ಎಷ್ಟೋ ಎತ್ತರದಲ್ಲಿ, ಕೊಂಬೆಗಳ ಸಂದಿಯಲ್ಲಿ, ಒಣ ಕಡ್ಡಿ, ಹುಲ್ಲು ಎಲ್ಲ ಒಟ್ಟಾಗಿ ಸಿಕ್ಕಿಕೊಂಡಿದೆ. ಹಕ್ಕಿ ಗೂಡಿನ ಹಾಗೆ ಕಾಣುತ್ತದೆ, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಅಮ್ಮ ಒಂದು ಸಲ ಕತ್ತೆತ್ತಿ ನೋಡಿ, "ಗೂಡಲ್ಲ ಕಣೇ ಅದು, ನೆರೆ ಬಂದಾಗ ಸಿಕ್ಕಿಕೊಂಡ ಕಸ. ನೀರು ಅಲ್ಲಿವರೆಗೂ ಏರಿದೆ" ಅಂದರು.

ಅಮ್ಮನ ಊರು ತೀರ್ಥಹಳ್ಳಿ. ಮಳೆಗಾಲದಲ್ಲಿ ತುಂಗೆ ತುಂಬಿ ರಾಮಮಂಟಪ ಮುಳುಗುವುದನ್ನು ನೋಡುತ್ತಲೇ ಬೆಳೆದವರು. ಅವರಿಗೆ ಹೊಳೆಯ ಗುರುತು ತಪ್ಪುವುದಿಲ್ಲ.

ನಮಸ್ಕಾರ. ಈಗ ನೀವು ನೋಡುತ್ತಿರುವುದು ಟೆಕ್ಸಸ್‌ನ ಗಾರ್ನರ್ ಸ್ಟೇಟ್ ಪಾರ್ಕ್. ಪಕ್ಕದಲ್ಲಿ ಹರಿಯುತ್ತಿರುವುದು ಫ್ರಿಯೊ ಹೊಳೆ. ಸ್ಪ್ಯಾನಿಷ್ ಭಾಷೆಯಲ್ಲಿ ಫ್ರಿಯೊ ಅಂದರೆ ತಣ್ಣಗೆ. ಸುಮಾರು 2.9 ಮೈಲಿ ಈ ಹೊಳೆ ಪಾರ್ಕಿನೊಳಗೇ ಸುತ್ತಿ ಬಳಸಿ ಹೋಗುತ್ತದೆ. ಸುಣ್ಣಕಲ್ಲಿನ ಗುಡ್ಡಗಳಿಂದ ಬರುವ ಒರತೆ ನೀರು. ಅದಕ್ಕೇ ತಳದ ಕಲ್ಲು ಒಂದೊಂದೂ ಕಾಣುವಷ್ಟು ತಿಳಿಯಾಗಿದೆ. ಇಲ್ಲಿಂದ ಕೆಳಗೆ ಹೋದ ಮೇಲೆ ಈ ನೀರಿನ ಒಂದು ಪಾಲು ಬಂಡೆಯ ಬಿರುಕುಗಳಲ್ಲಿ ಇಳಿದು ಎಡ್ವರ್ಡ್ಸ್ ಅಂತರ್ಜಲ ಸೇರುತ್ತದೆ. ಸ್ಯಾನ್ ಆಂಟೋನಿಯೊ ನಗರ ಕುಡಿಯುವ ನೀರಿಗೆ ನೆಚ್ಚಿಕೊಂಡಿರುವುದು ಅದೇ ಅಂತರ್ಜಲವನ್ನು.

ನಾವಿರುವುದು ಆಸ್ಟಿನ್‌ನಲ್ಲಿ. ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ದಾರೆ. ಮೊದಲ ಎರಡು ತಿಂಗಳು ಮನೆ, ದೇವಸ್ಥಾನ, ಅಂಗಡಿ, ಇಷ್ಟೇ ಆಗಿತ್ತು. ಒಂದು ದಿನ ಸುಮ್ನೆ ಅಂದ ಹಾಗೆ, "ನೀರಿಗೆ ಕಾಲು ಹಾಕದೆ ಎಷ್ಟು ದಿನ ಆಯ್ತು" ಅಂದರು. ಅವತ್ತೇ ಈ ಪಾರ್ಕಿನಲ್ಲಿ ಸೈಟ್, ಅಂದರೆ ಕ್ಯಾಂಪ್ ಹಾಕುವ ಜಾಗ, ಹುಡುಕಲು ಶುರು ಮಾಡಿದೆ. ಇಲ್ಲಿ ಐದು ತಿಂಗಳ ಮುಂಚೆಯೇ ಬುಕಿಂಗ್ ತೆರೆಯುತ್ತದೆ. ಬೇಸಿಗೆಯ ಶನಿವಾರ, ಭಾನುವಾರಗಳು ಬೇಗ ತುಂಬಿಹೋಗುತ್ತವೆ. ಯಾರೋ ರದ್ದು ಮಾಡಿದ್ದರಿಂದ ಜೂನ್ ಮೊದಲ ವಾರದಲ್ಲಿ, ಸೋಮವಾರದಿಂದ ಮೂರು ರಾತ್ರಿ ಸಿಕ್ಕಿತು.

ಅಮ್ಮನಿಗೆ ಮಂಡಿ ನೋವು. ನೆಲದ ಮೇಲೆ ಮಲಗಿ ಏಳುವುದು ಕಷ್ಟ. ಮಕ್ಕಳಿಗೆ ಟೆಂಟೇ ಬೇಕು. ಹಾಗಾಗಿ ಎರಡೂ ಇರಲಿ ಅಂತ 25 ಅಡಿಯ ಆರ್‌ವಿ, ಅಂದರೆ ಹಾಸಿಗೆ, ಅಡುಗೆಮನೆ, ಬಾತ್‌ರೂಮ್ ಒಳಗೇ ಇರುವ ವಾಹನ, ಒಂದನ್ನು ಬಾಡಿಗೆಗೆ ತಂದೆವು, ಪಕ್ಕದಲ್ಲೇ ಟೆಂಟ್ ಹಾಕಿದೆವು. ವಯಸ್ಸಾದವರು, ಮಕ್ಕಳು ಇಬ್ಬರೂ ಇರುವ ಮನೆಯವರಿಗೆ ನಾನು ಇದನ್ನೇ ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಅಮ್ಮ ಕತ್ತಲಲ್ಲಿ ಟಾರ್ಚ್ ಹಿಡಿದು ಬಾತ್‌ರೂಮ್ ಹುಡುಕಿಕೊಂಡು ಹೋಗಬೇಕಿಲ್ಲ ಅನ್ನುವುದು ಸಣ್ಣ ಸಮಾಧಾನವಲ್ಲ.

ಆರ್‌ವಿ ಬಗ್ಗೆ ಕೆಲವು ಮಾತು. ನಮ್ಮ ಸೈಟಿನಲ್ಲಿ ಕರೆಂಟ್ ಇತ್ತು, ನಲ್ಲಿ ಇತ್ತು. ನಲ್ಲಿ ಹತ್ತಿರವೇ ಇರುವುದರಿಂದ ಮನೆಯಿಂದ ಟ್ಯಾಂಕ್ ತುಂಬಿಸಿಕೊಂಡು ಹೋಗಬೇಡಿ. 40 ಗ್ಯಾಲನ್ ನೀರು ಅಂದರೆ ಹತ್ತಿರ ಹತ್ತಿರ 150 ಕಿಲೋ ಭಾರ. ಗುಡ್ಡದ ರಸ್ತೆಯಲ್ಲಿ ಅಷ್ಟು ಹೊತ್ತುಕೊಂಡು ಹೋಗುವುದು ಯಾಕೆ? ಕರೆಂಟ್ 30 ಆಂಪಿಯರ್‌ನದು. ಅಂದರೆ ಇಲ್ಲಿನ 120 ವೋಲ್ಟ್‌ನಲ್ಲಿ ಎಲ್ಲ ಸೇರಿ 3,600 ವ್ಯಾಟ್. ಎಸಿ ಓಡುತ್ತಿತ್ತು, ನಾನು ಇಂಡಕ್ಷನ್ ಒಲೆ ಹಚ್ಚಿದೆ, ಮಗ ಮೈಕ್ರೋವೇವ್ ಒತ್ತಿದ. ಎಲ್ಲ ಒಟ್ಟಿಗೆ ಆರಿಹೋಯಿತು. ಬ್ರೇಕರ್ ಮತ್ತೆ ಹಾಕಿದರೆ ಮುಗಿಯಿತು, ಹೆದರುವಂಥದ್ದೇನಿಲ್ಲ. ಎಸಿ ಹಾಕಿದಾಗ ಅಡುಗೆಗೆ ಒಂದೇ ಒಲೆ ಅಂತ ನೆನಪಿಟ್ಟುಕೊಂಡರೆ ಸಾಕು.

ಹೊರಡುವ ದಿನದ ಕೆಲಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆರ್‌ವಿಯ ಕೊಳೆನೀರು ಬಿಡುವ ಜಾಗಕ್ಕೆ ಡಂಪ್ ಸ್ಟೇಷನ್ ಅನ್ನುತ್ತಾರೆ. ಅಲ್ಲಿ ಮೊದಲು ಶೌಚದ ಟ್ಯಾಂಕ್ ಖಾಲಿ ಮಾಡಿ, ಆಮೇಲೆ ಪಾತ್ರೆ ತೊಳೆದ ನೀರಿನ ಟ್ಯಾಂಕ್. ಆ ಸೋಪಿನ ನೀರಿನಿಂದಲೇ ಪೈಪ್ ತೊಳೆದುಹೋಗುತ್ತದೆ. ಕೈಗವಸು ಮರೆಯಬೇಡಿ.

ಈಗ ಹೊಳೆಗೆ ಬರೋಣ. ಅಮ್ಮ ನೀರಿಗೆ ಇಳಿಯುವ ಮುಂಚೆ ಬಗ್ಗಿ, ಬೊಗಸೆಯಲ್ಲಿ ಸ್ವಲ್ಪ ನೀರು ತೆಗೆದು ತಲೆಗೆ ಹಚ್ಚಿಕೊಂಡರು. ಆಮೇಲೆ ಕಾಲಿಟ್ಟರು. "ಎಂಥಾ ತಣ್ಣಗಿದೆ ಮಾರಾಯ್ತಿ!" ಈ ದನಿ ನಾನು ಹಿನ್ನೆಲೆ ಸಂಗೀತ ಹಾಕದೆ ಹಾಗೇ ಇಟ್ಟಿದ್ದೇನೆ, ಕೇಳಿ. ಹೊರಗೆ ಬಿಸಿಲು ಸುಡುತ್ತಿತ್ತು. ಸೈಪ್ರೆಸ್ ಮರದ ದಪ್ಪ ಬೇರಿನ ಮೇಲೆ ಕೂತು, ಮೊಣಕಾಲವರೆಗೆ ನೀರಲ್ಲಿಟ್ಟುಕೊಂಡು, ಎರಡು ಗಂಟೆ ಅಲ್ಲೇ ಇದ್ದರು. ಮಕ್ಕಳು ಟ್ಯೂಬ್ ಮೇಲೆ ತೇಲಿ ಬಂದು ಅಜ್ಜಿಯ ಕಾಲು ಮುಟ್ಟಿ ಮುಂದೆ ಹೋಗುತ್ತಿದ್ದರು.

ಬೆಳಿಗ್ಗೆ ನೀರ್‌ದೋಸೆ. ಕಾಯಿ, ಅಕ್ಕಿ ಮನೆಯಲ್ಲೇ ರುಬ್ಬಿ ತಂದಿದ್ದೆವು. ಹುಳಿ ಬರಿಸುವ ತಲೆಬಿಸಿಯೇ ಇಲ್ಲ. ಪಾರ್ಕಿನಲ್ಲಿ ಬಿದ್ದ ಕಟ್ಟಿಗೆ ಆರಿಸುವ ಹಾಗಿಲ್ಲ, ಸೌದೆ ಕೊಂಡು ತಂದೆವು. ಕಬ್ಬಿಣದ ಕಾವಲಿ, ಸೌದೆ ಒಲೆ. ಆ ಅಂಚಿನ ಗರಿ ಮನೆಯ ಗ್ಯಾಸ್ ಒಲೆಯಲ್ಲಿ ನನಗೆ ಯಾವತ್ತೂ ಬಂದಿಲ್ಲ.

ಸಂಜೆ ಕಂಡ ಈ ಕಲ್ಲಿನ ಕಟ್ಟಡದ ಬಗ್ಗೆ ಹೇಳಲೇಬೇಕು. ಇದನ್ನು ಕಟ್ಟಿದವರು ಸಿವಿಲಿಯನ್ ಕನ್ಸರ್ವೇಷನ್ ಕೋರ್‌ನ ಹುಡುಗರು. 1930ರ ದಶಕ, ಅಮೆರಿಕದಲ್ಲಿ ಕೆಲಸವೇ ಸಿಗದ ಕಾಲ. ಮದುವೆಯಾಗದ ಬಡ ಹುಡುಗರನ್ನು ಸರ್ಕಾರ ಸೇರಿಸಿಕೊಂಡು ಪಾರ್ಕ್, ರಸ್ತೆ ಕಟ್ಟಿಸಿತು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರ ಅವರ ಮನೆಗೆ ಹೋಗುತ್ತಿತ್ತು. ಇದನ್ನು ಕೇಳಿ ಅಮ್ಮ ಗೋಡೆಯ ಕಲ್ಲು ಸವರಿದರು. ನನ್ನ ಮಾವ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋಗಿ ಮನಿಯಾರ್ಡರ್ ಕಳಿಸುತ್ತಿದ್ದ ದಿನಗಳು ನೆನಪಾದವಂತೆ. 1941ರಲ್ಲಿ ಪಾರ್ಕ್ ತೆರೆಯಿತು. 1940ರ ದಶಕದಿಂದ ಇಂದಿಗೂ, ಬೇಸಿಗೆಯ ರಾತ್ರಿ ಇದೇ ಅಂಗಳದಲ್ಲಿ ಜ್ಯೂಕ್‌ಬಾಕ್ಸ್ (ಬೇಕಾದ ಹಾಡು ಆರಿಸಿ ಹಾಕುವ ಪೆಟ್ಟಿಗೆ) ಹಾಡಿಗೆ ಜನ ಕುಣಿಯುತ್ತಾರೆ. ಅಜ್ಜಂದಿರು, ಮೊಮ್ಮಕ್ಕಳು, ಬೂಟು ಹಾಕಿದವರು, ಬರಿಗಾಲಿನವರು, ಎಲ್ಲರೂ. ನನ್ನ ಮಗಳು ಅಜ್ಜಿಯ ಎರಡೂ ಕೈ ಹಿಡಿದು ನಿಧಾನಕ್ಕೆ ತಿರುಗಿಸಿದಳು. ಆ ದೃಶ್ಯ ತುಸು ಅಲುಗಾಡಿದೆ. ನನ್ನ ಕೈ ನಿಲ್ಲಲಿಲ್ಲ.

ಎರಡನೇ ರಾತ್ರಿ ರಕೂನ್ ಬಂತು. ನಮ್ಮ ಕಡೆಯ ಪುನುಗಿನ ಬೆಕ್ಕನ್ನು ನೆನಪಿಸುವ ಪ್ರಾಣಿ, ಕೈಬೆರಳು ಮಾತ್ರ ಬಹಳ ಚುರುಕು. ಹೊರಗೆ ಬಿಟ್ಟಿದ್ದ ಕೂಲರ್ ಮುಚ್ಚಳ ತೆಗೆದು ಬಾಳೆಹಣ್ಣು, ಬ್ರೆಡ್ ಎಲ್ಲ ತಿಂದು ಹೋಯಿತು. ತಿನ್ನುವ ಸಾಮಾನು ವಾಹನದೊಳಗೇ ಇರಲಿ. ನಮ್ಮ ಊಟದ ರುಚಿ ಹತ್ತಿದರೆ ಆ ಪ್ರಾಣಿಗೇ ಒಳ್ಳೆಯದಲ್ಲ.

ಮತ್ತೆ ಆ ಮರದ ಮೇಲಿನ ಕಸದ ವಿಷಯ. ಈ ಗುಡ್ಡಗಳಲ್ಲಿ ಮಣ್ಣಿನ ಪದರ ತೆಳು, ಕೆಳಗೆ ಬರೀ ಬಂಡೆ. ಜೋರು ಮಳೆ ಬಿದ್ದರೆ ನೆಲ ಕುಡಿಯುವುದಿಲ್ಲ, ಎಲ್ಲ ಹೊಳೆಗೇ ನುಗ್ಗುತ್ತದೆ. ನಮ್ಮ ತಲೆಯ ಮೇಲೆ ಚುಕ್ಕೆ ಕಾಣುತ್ತಿರುವಾಗಲೇ ಮೇಲೆಲ್ಲೋ ಸುರಿದ ಮಳೆ ಇಲ್ಲಿಗೆ ಬರಬಹುದು. ಇದೇ ಸೀಮೆಯ ಗ್ವಾಡಲೂಪ್ ಹೊಳೆ 2025ರ ಜುಲೈ 4ರ ಬೆಳಗಿನ ಜಾವ ಏರಿ 100ಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡಿತು. ಮಲಗಿದ್ದ ಮಕ್ಕಳೂ ಇದ್ದರು. ಅದನ್ನು ಓದಿದ ಮೇಲೆ ಹೊಳೆಯ ದಂಡೆಯಲ್ಲಿ ಕಣ್ಣುಮುಚ್ಚಿ ಮಲಗುವುದು ನನಗೆ ಸುಲಭವಲ್ಲ.

ಹಾಗಾಗಿ ನೀರಿನ ಪಕ್ಕದ ಸೈಟ್ ಬಿಟ್ಟು ಮೇಲಿನದನ್ನು ತೆಗೆದುಕೊಂಡಿದ್ದೆ. ಫೋನ್ ಸಿಗ್ನಲ್ ಸರಿಯಾಗಿ ಇರಲಿಲ್ಲ. ಹವಾಮಾನದ ಎಚ್ಚರಿಕೆ ಕೊಡುವ, ಬ್ಯಾಟರಿಯ ವೆದರ್ ರೇಡಿಯೊ ಇಟ್ಟುಕೊಂಡಿದ್ದೆವು. ಕತ್ತಲಲ್ಲಿ ಏಳಬೇಕಾದರೆ ಯಾವ ದಾರಿಯಲ್ಲಿ ಗುಡ್ಡದ ಕಡೆ ನಡೆಯಬೇಕು ಅಂತ ಮಕ್ಕಳನ್ನು ಹಗಲಲ್ಲೇ ನಡೆಸಿ ತೋರಿಸಿದೆವು. ದಯವಿಟ್ಟು ನೀವೂ ಮಾಡಿ. ಹತ್ತು ನಿಮಿಷದ ಕೆಲಸ.

ಅಮ್ಮನದು ಇನ್ನೊಂದು ಕ್ರಮ. ದಿನಾ ಸಂಜೆ ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಡುತ್ತಿದ್ದರು. ಬೆಳಿಗ್ಗೆ ಎದ್ದು ಕಾಫಿಗೂ ಮುಂಚೆ ಹೋಗಿ ನೋಡಿ ಬಂದು, "ಅಲ್ಲೇ ಇದೆ" ಅನ್ನುತ್ತಿದ್ದರು. ಎರಡನೇ ದಿನದಿಂದ ಮಕ್ಕಳೂ ಹಿಂದೆ ಓಡತೊಡಗಿದರು.

ಇದು ಕೊನೆಯ ಬೆಳಗು. ಮಧ್ಯಾಹ್ನ 12ರೊಳಗೆ ಸೈಟ್ ಬಿಡಬೇಕು. ಟೆಂಟ್ ಮಡಿಚಾಗಿದೆ, ಪೈಪ್ ಬಿಚ್ಚಾಗಿದೆ. ಮಗಳು ಕಡ್ಡಿ ಕೀಳಲು ಬಗ್ಗಿದಳು. ದಂಡೆಯಿಂದ ಅಮ್ಮನ ದನಿ ಬಂತು: "ಬಿಡು ಪುಟ್ಟಿ, ಮುಂದೆ ಬರುವವರು ನೋಡಿಕೊಳ್ಳಲಿ."