ಕಥೆಯನ್ನು ಯಾವ ದಿನದಿಂದ ಹೇಳುತ್ತೇವೆ

ಕೇಳುಗರಿಗೆ ನಮಸ್ಕಾರ.

1947ರ ಡಿಸೆಂಬರ್ 30ರಂದು ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಪ್ಯಾಲೆಸ್ತೀನಿನ ಹೈಫಾ ನಗರದ ತೈಲ ಶುದ್ಧೀಕರಣ ಕಾರ್ಖಾನೆಯ ಬಾಗಿಲಲ್ಲಿ ಕೂಲಿಗಾಗಿ ಕಾದು ನಿಂತಿದ್ದ ಅರಬ್ ಕಾರ್ಮಿಕರ ಮೇಲೆ ಇರ್ಗುನ್ ಎಂಬ ಯಹೂದಿ ಸಶಸ್ತ್ರ ಸಂಘಟನೆಯವರು ಬಾಂಬು ಎಸೆದರು. ಆರು ಜನ ಸತ್ತರು. ಸ್ವಲ್ಪ ಹೊತ್ತಿನಲ್ಲೇ ಕಾರ್ಖಾನೆಯ ಒಳಗಿದ್ದ ಅರಬ್ ಕಾರ್ಮಿಕರು, ತಮ್ಮ ಜೊತೆಯಲ್ಲೇ ದುಡಿಯುತ್ತಿದ್ದ ಯಹೂದಿಗಳ ಮೇಲೆ ಬಿದ್ದು 39 ಜನರನ್ನು ಕೊಂದರು. ಮರುದಿನ ರಾತ್ರಿ ಯಹೂದಿಗಳ ಮುಖ್ಯ ಸಶಸ್ತ್ರ ಪಡೆಯಾದ ಹಗಾನಾದವರು, ಆ ಕಾರ್ಮಿಕರಲ್ಲಿ ಅನೇಕರು ವಾಸವಾಗಿದ್ದ ಬಲದ್ ಅಲ್-ಶೇಖ್ ಎಂಬ ಹಳ್ಳಿಗೆ ನುಗ್ಗಿ ಹತ್ತಾರು ಜನರ ಪ್ರಾಣ ತೆಗೆದರು.

ಈ ಮೂರೂ ಘಟನೆಗಳು ನಡೆದವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೂ ಇಸ್ರೇಲ್ ಪರವಾಗಿ ಮಾತನಾಡುವವರಿಂದ ಇದನ್ನು ಕೇಳಿದರೆ ಕಥೆ ಕಾರ್ಖಾನೆಯ ಒಳಗೆ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ಪ್ಯಾಲೆಸ್ತೀನ್ ಪರವಾಗಿ ಮಾತನಾಡುವವರಿಂದ ಕೇಳಿದರೆ ಅದು ಬಾಗಿಲ ಬಳಿ ಶುರುವಾಗಿ, ಒಳಗಿನ ಹತ್ಯೆಯನ್ನು ಅರ್ಧ ವಾಕ್ಯದಲ್ಲಿ ದಾಟಿ, ಹಳ್ಳಿಯಲ್ಲಿ ಬಂದು ನಿಲ್ಲುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬಾಂಬು ಎಸೆದ ಇರ್ಗುನ್ ಕೂಡ ತಾನು ಯಹೂದಿಗಳ ಮೇಲೆ ಅದಕ್ಕಿಂತ ಮೊದಲು ನಡೆದ ದಾಳಿಗಳಿಗೆ ಉತ್ತರ ಕೊಟ್ಟೆನೆಂದೇ ಹೇಳಿಕೊಂಡಿತ್ತು. ಆ ದಾರಿಯಲ್ಲಿ ಹಿಂದೆ ಹೋಗುತ್ತಾ ಹೋದರೆ ನಾವು 1929ರಲ್ಲಿ 67 ಯಹೂದಿಗಳು ಹತರಾದ ಹೆಬ್ರಾನ್‌ಗೂ, ಅದಕ್ಕೂ ಹಿಂದೆ, ಆ ನೆಲದಲ್ಲಿ ಬಹುಸಂಖ್ಯಾತರಾಗಿದ್ದ ಅರಬರ ಅಭಿಪ್ರಾಯವನ್ನೇ ಕೇಳದೆ ಬ್ರಿಟಿಷ್ ಸರ್ಕಾರ ಯಹೂದಿಗಳಿಗೆ ಅಲ್ಲೊಂದು ರಾಷ್ಟ್ರೀಯ ನೆಲೆಯ ಭರವಸೆ ಕೊಟ್ಟ 1917ರ ಬಾಲ್ಫರ್ ಘೋಷಣೆಗೂ ತಲುಪುತ್ತೇವೆ. ಈ ವಿಷಯದ ಚರ್ಚೆಗಳನ್ನು ಬಹುಕಾಲದಿಂದ ಆಸಕ್ತಿಯಿಂದಲೂ ಸಂಕಟದಿಂದಲೂ ಗಮನಿಸುತ್ತ ಬಂದಿರುವ ನನಗೆ ತೋರುವುದು ಇಷ್ಟು: ಇಲ್ಲಿ ಪಕ್ಷಪಾತವು ಹೆಚ್ಚಾಗಿ ಸುಳ್ಳಿನ ರೂಪದಲ್ಲಿ ಬರುವುದಿಲ್ಲ, ಕಥೆಯನ್ನು ಯಾವ ದಿನದಿಂದ ಆರಂಭಿಸಬೇಕು, ಯಾವ ದಿನ ನಿಲ್ಲಿಸಬೇಕು ಎಂಬ ಆಯ್ಕೆಯ ರೂಪದಲ್ಲಿ ಬರುತ್ತದೆ.

ಅದೇ ಹೈಫಾದಲ್ಲಿ ನಾಲ್ಕು ತಿಂಗಳ ನಂತರ ನಡೆದದ್ದನ್ನೂ ನೋಡಿ. 1948ರ ಏಪ್ರಿಲ್ 22ರಂದು, ಹಗಾನಾ ನಗರವನ್ನು ಗೆದ್ದ ಮೇಲೆ, ಪುರಸಭಾ ಭವನದ ಸಭೆಯಲ್ಲಿ ಯಹೂದಿ ಮೇಯರ್ ಶಬ್ತಾಯ್ ಲೆವಿ ಅರಬ್ ಮುಖಂಡರನ್ನು ಊರು ಬಿಡಬೇಡಿ ಎಂದು ಅಂಗಲಾಚಿದರು. ಆ ಮುಖಂಡರು ತಮ್ಮತಮ್ಮಲ್ಲಿ ಸಮಾಲೋಚಿಸಿ, ಹೊರಟು ಹೋಗುವುದೇ ಸರಿಯೆಂದು ತೀರ್ಮಾನಿಸಿದರು. ಅರಬರು ತಾವಾಗಿಯೇ ಹೋದರು ಎನ್ನುವವರಿಗೆ ಇಷ್ಟು ಸಾಕು. ಆದರೆ ಅದೇ ಹೊತ್ತಿಗೆ ಹಗಾನಾದ ಮಾರ್ಟರ್ ಗುಂಡುಗಳು ಜನ ತುಂಬಿದ್ದ ಮಾರುಕಟ್ಟೆಯ ಮೇಲೆ ಬೀಳುತ್ತಿದ್ದವು, ಭಯದಿಂದ ಜನ ಬಂದರಿನ ಕಡೆ ಓಡುತ್ತಿದ್ದರು. ಮುಂದೆ ಅವರನ್ನು ಮರಳಿ ಬರಲು ಬಿಡಲಿಲ್ಲ. ಸುಮಾರು 65 ಸಾವಿರಕ್ಕೂ ಹೆಚ್ಚಿದ್ದ ಅರಬರಲ್ಲಿ ಅಲ್ಲಿ ಉಳಿದವರು ಮೂರು ನಾಲ್ಕು ಸಾವಿರ ಮಾತ್ರ. ಮೇಯರ್ ಅಂಗಲಾಚಿದ್ದೂ ನಿಜ, ಮಾರ್ಟರ್ ಸಿಡಿದದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟವರು ಇತಿಹಾಸವನ್ನು ಹೇಳಲಿಲ್ಲ.

ಹೈಫಾದ ಹೆಸರನ್ನೇ ಹಿಡಿದು ಮಾತನಾಡುವುದಕ್ಕೆ ಇನ್ನೊಂದು ಕಾರಣವಿದೆ. 1918ರ ಸೆಪ್ಟೆಂಬರ್ 23ರಂದು ಆ ನಗರವನ್ನು ತುರ್ಕರಿಂದ ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರಿದ್ದರು. ಜೋಧಪುರದ ಸವಾರರು ನಗರದ ಕಡೆಗೆ ನುಗ್ಗಿದಾಗ ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವಿದೆ. ಅವರ ಶೌರ್ಯಕ್ಕೆ ತಲೆಬಾಗುತ್ತೇನೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಆ ಶೌರ್ಯವನ್ನು, ನಾವು ಮೊದಲಿನಿಂದಲೂ ಇಸ್ರೇಲಿನ ಜೊತೆಗಿದ್ದೆವು ಎಂಬುದಕ್ಕೆ ಸಾಕ್ಷಿಯಾಗಿ ಮುಂದಿಡುವುದನ್ನು ಕೇಳಿದಾಗ ನೋವಾಗುತ್ತದೆ. ಆಗ ಇಸ್ರೇಲ್ ಎಂಬ ರಾಜ್ಯವೇ ಇರಲಿಲ್ಲ. ಆ ಸವಾರರು ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ, ಒಟ್ಟೊಮನ್ ಸಾಮ್ರಾಜ್ಯದ ವಿರುದ್ಧ ಹೋರಾಡಿದರು. ಅದಾಗಿ ಮೂವತ್ತು ವರ್ಷ ತುಂಬುವ ಮೊದಲೇ, 1947ರ ನವೆಂಬರ್ 29ರಂದು, ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಪ್ಯಾಲೆಸ್ತೀನ್ ವಿಭಜನೆಯ ನಿರ್ಣಯಕ್ಕೆ ವಿರುದ್ಧವಾಗಿ ಮತ ಹಾಕಿದ 13 ದೇಶಗಳಲ್ಲಿ ಭಾರತವೂ ಒಂದಾಗಿತ್ತು. 1950ರಲ್ಲಿ ಇಸ್ರೇಲನ್ನು ಮಾನ್ಯ ಮಾಡಿದರೂ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆದದ್ದು 1992ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ, 1988ರಲ್ಲಿ, ಪ್ಯಾಲೆಸ್ತೀನನ್ನು ರಾಜ್ಯವೆಂದು ಭಾರತ ಒಪ್ಪಿಕೊಂಡಿತ್ತು. ಇಷ್ಟು ಸಂಕೀರ್ಣವಾದ ದಾರಿಯಲ್ಲಿ ತಮಗೆ ಬೇಕಾದ ಒಂದು ತಿರುವನ್ನು ಮಾತ್ರ ತೋರಿಸಿ, ಇದೇ ಭಾರತದ ಪರಂಪರೆ ಎನ್ನುವುದು ಆ ಸವಾರರಿಗೂ ಸಲ್ಲಿಸುವ ಗೌರವವಲ್ಲ.

ಗಾಂಧೀಜಿಯವರಿಗೂ ಇದೇ ಗತಿಯಾಗಿದೆ. 1938ರ ನವೆಂಬರ್ 26ರ ಹರಿಜನ ಪತ್ರಿಕೆಯಲ್ಲಿ ಅವರು, ಇಂಗ್ಲೆಂಡ್ ಹೇಗೆ ಇಂಗ್ಲಿಷರದ್ದೋ ಹಾಗೆಯೇ ಪ್ಯಾಲೆಸ್ತೀನ್ ಅರಬರದ್ದು ಎಂದು ಬರೆದರು. ಪ್ಯಾಲೆಸ್ತೀನ್ ಪರವಾದ ಯಾವ ಸಭೆಯಲ್ಲಿಯೂ ಈ ಮಾತು ತಪ್ಪುವುದಿಲ್ಲ. ಅದೇ ಲೇಖನದಲ್ಲಿ ಅವರು ತಮ್ಮ ಸಹಾನುಭೂತಿಯೆಲ್ಲ ಯಹೂದಿಗಳ ಕಡೆಗಿದೆಯೆಂದದ್ದೂ, ಕ್ರೈಸ್ತ ಜಗತ್ತು ಯಹೂದಿಗಳನ್ನು ನಡೆಸಿಕೊಂಡ ಬಗೆಯನ್ನು ಹಿಂದೂಗಳ ಅಸ್ಪೃಶ್ಯತೆಗೆ ಹೋಲಿಸಿದ್ದೂ, ಅರಬರ ಅತಿರೇಕಗಳನ್ನು ತಾವು ಸಮರ್ಥಿಸುವುದಿಲ್ಲವೆಂದದ್ದೂ ಅಲ್ಲಿ ಕೇಳಿಬರುವುದಿಲ್ಲ. ಇನ್ನೊಂದು ಕಡೆಯವರು ಆ ಲೇಖನದಿಂದ ಎತ್ತಿಕೊಳ್ಳುವುದು, ಹಿಟ್ಲರನ ಜರ್ಮನಿಯಲ್ಲಿದ್ದ ಯಹೂದಿಗಳಿಗೆ ಗಾಂಧೀಜಿ ಕೊಟ್ಟ ಸತ್ಯಾಗ್ರಹದ ಸಲಹೆಯನ್ನು ಮಾತ್ರ. ಅದನ್ನು ಓದಿ ನೊಂದು ಜೆರುಸಲೇಮಿನಿಂದ ಪತ್ರ ಬರೆದ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ ಅವರನ್ನು ಅವರು ನೆನೆಯುತ್ತಾರೆ. ಆದರೆ ಆ ಬೂಬರ್ ಅವರೇ ಅರಬರೂ ಯಹೂದಿಗಳೂ ಸಮಾನರಾಗಿ ಬಾಳುವ ಒಂದೇ ರಾಜ್ಯಕ್ಕಾಗಿ ವಾದಿಸಿದವರೆಂಬುದನ್ನು ನೆನೆಯುವುದಿಲ್ಲ.

ಪಕ್ಷಪಾತವು ಎದುರಿನವರ ಕಣ್ಣಲ್ಲಿ ಮಾತ್ರ ಇರುತ್ತದೆಂದು ನಂಬುವುದು ಸುಲಭ. 1982ರ ಸೆಪ್ಟೆಂಬರಿನಲ್ಲಿ ಬೈರೂತಿನ ಸಬ್ರಾ ಮತ್ತು ಶತೀಲಾ ಶಿಬಿರಗಳಲ್ಲಿ, ಇಸ್ರೇಲಿ ಸೇನೆ ಸುತ್ತುವರಿದು ನಿಂತಿದ್ದಾಗಲೇ, ಲೆಬನಾನಿನ ಕ್ರೈಸ್ತರ ಸಶಸ್ತ್ರ ಗುಂಪಾದ ಫಲಾಂಜಿಸ್ಟ್ ಪಡೆಯವರು ಪ್ಯಾಲೆಸ್ತೀನಿ ನಿರಾಶ್ರಿತರ ಹತ್ಯಾಕಾಂಡ ನಡೆಸಿದರು. ಆ ಸುದ್ದಿಯನ್ನು ಅಮೆರಿಕದ ದೂರದರ್ಶನಗಳು ಬಿತ್ತರಿಸಿದ ತುಣುಕುಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವ್ಯಾಲೋನ್, ರಾಸ್ ಮತ್ತು ಲೆಪ್ಪರ್ ಎಂಬ ಸಂಶೋಧಕರು ಇಸ್ರೇಲ್ ಪರವಾದ ಮತ್ತು ಅರಬ್ ಪರವಾದ ವಿದ್ಯಾರ್ಥಿಗಳಿಗೆ ತೋರಿಸಿದರು. ಒಂದೇ ತುಣುಕುಗಳನ್ನು ನೋಡಿದ ಎರಡೂ ಗುಂಪಿನವರು, ಈ ವರದಿ ನಮ್ಮ ವಿರುದ್ಧವಾಗಿದೆ ಎಂದು ದೃಢವಾಗಿ ಹೇಳಿದರು. 1985ರಲ್ಲಿ ಪ್ರಕಟವಾದ ಈ ಅಧ್ಯಯನದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಆ ವಿದ್ಯಾರ್ಥಿಗಳು ಅಜ್ಞಾನಿಗಳಾಗಿರಲಿಲ್ಲ. ತಮ್ಮ ಪಕ್ಷದ ನೋವು ಅವರಿಗೆ ಚೆನ್ನಾಗಿ ತಿಳಿದಿತ್ತು, ಆ ನೋವು ಪರದೆಯ ಮೇಲೆ ಕಾಣದೆ ಹೋದಾಗಲೆಲ್ಲ ಅದನ್ನು ಬೇಕೆಂದೇ ಮುಚ್ಚಿಟ್ಟಂತೆ ಅವರಿಗೆ ತೋರಿತು.

2002ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇನ್ನೂ ಕಳವಳಕಾರಿ. ಇಫಾತ್ ಮಾವೋಜ್ ಮತ್ತು ಅವರ ಸಂಗಡಿಗರು, ಇಸ್ರೇಲಿ ಸರ್ಕಾರವೇ ಮುಂದಿಟ್ಟಿದ್ದ ಶಾಂತಿ ಪ್ರಸ್ತಾಪವೊಂದನ್ನು ಇಸ್ರೇಲಿನ ಯಹೂದಿಗಳಿಗೆ ಓದಲು ಕೊಟ್ಟು, ಕೆಲವರಿಗೆ ಅದು ಪ್ಯಾಲೆಸ್ತೀನಿಯರ ಪ್ರಸ್ತಾಪವೆಂದು ತಿಳಿಸಿದರು. ಹಾಗೆ ತಿಳಿದುಕೊಂಡವರಿಗೆ ತಮ್ಮ ಸರ್ಕಾರದ ಮಾತೇ ರುಚಿಸಲಿಲ್ಲ.

2023ರ ಅಕ್ಟೋಬರ್ 7ರ ನಂತರ ಈ ರೋಗ ನಮ್ಮ ಕಣ್ಣೆದುರೇ ಉಲ್ಬಣಿಸಿತು. ಆ ದಿನ ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, ಸುಮಾರು 250 ಜನರನ್ನು ಒತ್ತೆಯಾಳುಗಳಾಗಿ ಒಯ್ದರು. ಹಸುಗೂಸುಗಳ ತಲೆ ಕಡಿದರೆಂಬ ಆಧಾರವಿಲ್ಲದ ಸುದ್ದಿಯೊಂದು ಆಗ ಜಗತ್ತನ್ನೆಲ್ಲ ಸುತ್ತಿತು. ಅದಕ್ಕೆ ಪುರಾವೆಯಿಲ್ಲವೆಂದು ಗೊತ್ತಾದಾಗ ಕೆಲವರು ಆ ದಿನ ನಿಜವಾಗಿ ನಡೆದ ಕೊಲೆಗಳನ್ನೂ, ಲೈಂಗಿಕ ದೌರ್ಜನ್ಯ ನಡೆಯಿತೆಂದು ನಂಬಲು ಸಕಾರಣವಿದೆಯೆಂದ ವಿಶ್ವಸಂಸ್ಥೆಯ ಪ್ರತಿನಿಧಿ ಪ್ರಮೀಳಾ ಪ್ಯಾಟನ್ ಅವರ ವರದಿಯನ್ನೂ ತಳ್ಳಿಹಾಕಿದರು. ಅಕ್ಟೋಬರ್ 17ರಂದು ಗಾಜಾದ ಅಲ್-ಅಹ್ಲಿ ಆಸ್ಪತ್ರೆಯ ಆವರಣದಲ್ಲಿ ಸ್ಫೋಟವಾದಾಗ ಅದು ಇಸ್ರೇಲಿನ ವೈಮಾನಿಕ ದಾಳಿಯೆಂದು ಗಂಟೆಯೊಳಗೆ ತೀರ್ಪು ಹೊರಬಿತ್ತು; ಅದು ಪ್ಯಾಲೆಸ್ತೀನಿ ಗುಂಪುಗಳು ಬಳಸುವಂಥ ರಾಕೆಟ್ಟಿನಿಂದ ಆಗಿರಬಹುದೆಂಬುದರ ಕಡೆಗೆ ಸಾಕ್ಷ್ಯಗಳು ವಾಲುತ್ತವೆಂದು ಹ್ಯೂಮನ್ ರೈಟ್ಸ್ ವಾಚ್ ಮುಂದಿನ ತಿಂಗಳು ಹೇಳಿತು. ಅಷ್ಟಕ್ಕೇ ಇನ್ನು ಕೆಲವರು ಗಾಜಾದ ಆಸ್ಪತ್ರೆಗಳಿಂದ ಬರುವ ಯಾವ ಸುದ್ದಿಯನ್ನೂ ನಂಬಬೇಕಾಗಿಲ್ಲವೆಂದುಕೊಂಡರು. 2025ರ ಜುಲೈ ಹೊತ್ತಿಗೆ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರ ಸಂಖ್ಯೆ 60 ಸಾವಿರ ದಾಟಿತ್ತು. ಒಂದು ಸುಳ್ಳು ಸುದ್ದಿಯ ಅತಿದೊಡ್ಡ ಅನಾಹುತವೆಂದರೆ, ಹತ್ತು ನಿಜಗಳನ್ನು ನಂಬದಿರಲು ಅದು ಜನರಿಗೆ ನೆಪವಾಗಿ ಒದಗುತ್ತದೆ.

ಹಾಗೆಂದು ಎರಡೂ ಕಡೆಗೆ ಸಮನಾಗಿ ತೂಗಿಕೊಡುವುದೇ ನ್ಯಾಯವೆಂದು ನಾನು ಹೇಳುತ್ತಿಲ್ಲ. ಒಂದು ಕಡೆ ಬಲಿಷ್ಠ ಸೇನೆಯುಳ್ಳ ರಾಜ್ಯ, ಇನ್ನೊಂದು ಕಡೆ ರಾಜ್ಯವೇ ಕೈಗೆ ಸಿಗದ ಜನ. ಪಶ್ಚಿಮ ದಂಡೆಯಲ್ಲಿ 1967ರಿಂದ ಸೇನೆಯ ಹಿಡಿತದಲ್ಲಿ ಹುಟ್ಟಿ ಬೆಳೆದವರ ಮಕ್ಕಳಿಗೂ ಈಗ ಮಕ್ಕಳಾಗಿವೆ. ಈ ಅಸಮತೆಯನ್ನು ಹೇಳದೆ ಬಿಡುವುದೂ ಪಕ್ಷಪಾತವೇ. ಪ್ಯಾಲೆಸ್ತೀನಿಯರಿಗೆ ಅವರದೇ ರಾಜ್ಯ ಸಲ್ಲಬೇಕೆಂದೂ, ಇಸ್ರೇಲಿನ ಜನ ಭಯವಿಲ್ಲದೆ ಅಲ್ಲಿಯೇ ಬಾಳಬೇಕೆಂದೂ ನಾನು ನಂಬುತ್ತೇನೆ. ನಿಲುವು ಇರುವುದು ತಪ್ಪಲ್ಲ. ಆ ನಿಲುವಿಗೆ ಒಗ್ಗದ ಶವಗಳನ್ನು ಎಣಿಕೆಯಿಂದ ಬಿಡುವುದು ತಪ್ಪು.

ನಮ್ಮ ನಾಡಿನ ಚರ್ಚೆಗಳಲ್ಲಿ ಇದಕ್ಕೆ ಮತ್ತೊಂದು ಭಾರ ಸೇರಿಕೊಂಡಿದೆ. ಗಾಜಾ ಎಂದ ಕೂಡಲೇ ಇಲ್ಲಿ ಮಾತು ಹಿಂದೂ ಮುಸ್ಲಿಮರ ಜಗಳಕ್ಕೆ ಹೊರಳುತ್ತದೆ. ಪಕ್ಕದ ಬೀದಿಯವರ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳಲು ಅಲ್ಲಿನ ಮಕ್ಕಳ ಸಾವು ಬಳಕೆಯಾಗುತ್ತದೆ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹೋಗಿ ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುತ್ತಿರುವವರ ಮನೆಯವರು ಆ ಅಕ್ಟೋಬರಿನಲ್ಲಿ ಫೋನಿನ ಮುಂದೆ ಕಳೆದ ರಾತ್ರಿಗಳಾಗಲಿ, ಗಾಜಾದ ತಾಯಂದಿರ ಗೋಳಾಗಲಿ ಈ ಜಗಳದ ಕಾವಿನಲ್ಲಿ ಯಾರಿಗೂ ಕಾಣುವುದಿಲ್ಲ.

1995ರಿಂದ ಇಸ್ರೇಲಿ ಮತ್ತು ಪ್ಯಾಲೆಸ್ತೀನಿ ಕುಟುಂಬಗಳ ಒಂದು ವೇದಿಕೆ ಕೆಲಸ ಮಾಡುತ್ತಿದೆ. ಈ ಸಂಘರ್ಷದಲ್ಲಿ ತಮ್ಮ ಹತ್ತಿರದವರನ್ನು ಕಳೆದುಕೊಂಡವರು ಮಾತ್ರ ಅದರ ಸದಸ್ಯರು. ರಾಮಿ ಎಲ್ಹನಾನ್ ಅವರ ಮಗಳು ಸ್ಮದರ್ 1997ರಲ್ಲಿ ಜೆರುಸಲೇಮಿನಲ್ಲಿ ನಡೆದ ಆತ್ಮಾಹುತಿ ದಾಳಿಯಲ್ಲಿ ಸತ್ತಳು. ಬಸ್ಸಾಮ್ ಅರಮೀನ್ ಅವರ ಮಗಳು ಅಬೀರ್ 2007ರಲ್ಲಿ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಬಲಿಯಾದಳು. ಈ ಇಬ್ಬರು ತಂದೆಯರು ವರ್ಷಗಳಿಂದ ಒಟ್ಟಿಗೆ ಶಾಲೆಗಳಿಗೂ ಸಭೆಗಳಿಗೂ ಹೋಗಿ ಇಬ್ಬರು ಹೆಣ್ಣುಮಕ್ಕಳ ಕಥೆಯನ್ನೂ ಹೇಳುತ್ತಾರೆ, ಎರಡನ್ನೂ ಪೂರ್ತಿಯಾಗಿ ಹೇಳುತ್ತಾರೆ. ಅಷ್ಟು ಕಳೆದುಕೊಂಡವರಿಗೆ ಇದು ಸಾಧ್ಯವಾಗಿದೆ. ಏನನ್ನೂ ಕಳೆದುಕೊಳ್ಳದೆ, ಸಾವಿರಾರು ಮೈಲಿ ದೂರದಲ್ಲಿ ಕುಳಿತು ವಾದಿಸುವ ನಾವು ಅರ್ಧ ಕಥೆಯನ್ನೇ ಹೇಳುತ್ತ ಹೋದರೆ, ಅದಕ್ಕೆ ನೋವನ್ನು ಕಾರಣವಾಗಿ ಕೊಡುವ ಹಕ್ಕು ನಮಗಿಲ್ಲ.